ಬೀಗಪ್ಪನವರು ಕೆರೆಯಲ್ಲಿ ಕೂತದ್ದು

ಬೀಗಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಮೂಲೆಯ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುತ್ತ, ಕಳೆದುಹೋದ ಕೀಲಿಕೈಗೆ ಬದಲಿ ಮಾಡಿಕೊಡುತ್ತ ಕೂತಿದ್ದರಿಂದ ಬೀದಿಯವರು ಹಾಗೆ ಕರೆದರು, ಅವರೂ ಓಗೊಟ್ಟರು. ಅಂಗಡಿ ಎಷ್ಟು ಇಕ್ಕಟ್ಟೆಂದರೆ ಗಿರಾಕಿ ಒಳಗೆ ಬರಬೇಕಾದರೆ ಬೀಗಪ್ಪನವರು ಹೊರಗೆ ಬರಬೇಕಿತ್ತು. ಊರವರ ಬಾಗಿಲುಗಳನ್ನೆಲ್ಲ ಚಿಟಿಕೆ ಹೊಡೆಯುವುದರಲ್ಲಿ ತೆರೆಯುತ್ತಿದ್ದ ಈ ಮನುಷ್ಯ ತಮ್ಮ ಮನೆಯ ಕೀಲಿಕೈ ಮರೆತು, ಹೆಂಡತಿ ಬರುವ ತನಕ ಮೆಟ್ಟಿಲ ಮೇಲೆ ಕೂತಿರುವುದು ವಾರಕ್ಕೊಮ್ಮೆ ಕಾಣುವ ದೃಶ್ಯವಾಗಿತ್ತು. ನಿಮ್ಮ ಹತ್ತಿರ ಉಪಕರಣ ಇಲ್ಲವೇ ಎಂದು ಕೇಳಿದರೆ, ಇವೆ, ಅಂಗಡಿಯಲ್ಲಿವೆ, ಅಂಗಡಿಯ ಕೀಲಿಕೈ ಮನೆಯೊಳಗಿದೆ ಎನ್ನುತ್ತಿದ್ದರು.

ಇಂಥ ಬೀಗಪ್ಪನವರಿಗೆ ಬೀಗರು ಬರುವ ಕಾಲ ಬಂತು. ಮಗಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಯೇ ಪಕ್ಕದ ಮೇಜಿನ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ತಂದೆ ತಾಯಿ ಬೇರೆ ಊರಿನವರು. ಭಾನುವಾರ ಬಂದು ಎಲ್ಲರನ್ನೂ ನೋಡಿ ಮಾತಾಡಿ ಹೋಗುತ್ತೇವೆ ಎಂದು ಹೇಳಿಕಳಿಸಿದ್ದರು. ಹುಡುಗನ ತಂದೆ ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ನಿವೃತ್ತರಾದವರು, ಎದುರಿಗೆ ಯಾರು ಬಂದರೂ ಟಿಕೆಟ್ಟಿಲ್ಲದೆ ಹತ್ತಿದವರನ್ನು ನೋಡಿದ ಹಾಗೆ ನೋಡುತ್ತಾರೆ, ತಪ್ಪು ತಿಳಿಯಬೇಡಿ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು.

ಅಂದಿನಿಂದ ಬೀಗಪ್ಪನವರ ಹೆಂಡತಿ ತಮ್ಮ ಮನೆಯನ್ನು ಬೀಗರ ಕಣ್ಣಿನಿಂದ ನೋಡತೊಡಗಿದರು. ಹಾಗೆ ನೋಡಿದಾಗ ಗೋಡೆಯ ಬಿರುಕು ಕಂಡಿತು, ಪರದೆಯ ತೂತು ಕಂಡಿತು, ಗಂಡ ಕಂಡರು. ಎಲ್ಲಕ್ಕಿಂತ ಹೆಚ್ಚಾಗಿ ಹಜಾರದ ಮೂಲೆಯಲ್ಲಿದ್ದ ಸೋಫಾ ಕುರ್ಚಿ ಕಂಡಿತು. ಅದರ ಬಟ್ಟೆ ಹರಿದು ನಾರು ಹೊರಬಂದಿತ್ತು. ನಟ್ಟನಡುವೆ ಒಂದು ಸ್ಪ್ರಿಂಗು ತಲೆ ಎತ್ತಿ ನಿಂತಿತ್ತು. ಅದರಲ್ಲಿ ಗಾಯವಾಗದಂತೆ ಕೂರುವ ವಿದ್ಯೆ ಜಗತ್ತಿನಲ್ಲಿ ಬೀಗಪ್ಪನವರಿಗೊಬ್ಬರಿಗೇ ಒಲಿದಿತ್ತು.

"ನೀವಿರೋದಂತೂ ತಪ್ಪಿದ್ದಲ್ಲ. ಆ ಕುರ್ಚಿ ಮಾತ್ರ ಭಾನುವಾರ ಈ ಮನೇಲಿ ಇರಬಾರದು," ಎಂದರು ಹೆಂಡತಿ.

ಒಂದು ಕುರ್ಚಿಯನ್ನು ಕಳೆದುಕೊಳ್ಳುವುದು ಇಷ್ಟು ಕಷ್ಟವೆಂದು ಬೀಗಪ್ಪನವರು ಅಂದುಕೊಂಡಿರಲಿಲ್ಲ. ಹಳೇ ಸಾಮಾನಿನವನು ಅದನ್ನು ತಟ್ಟಿ ನೋಡಿ, ಕಬ್ಬಿಣ ಮಾತ್ರ ತಗೊಳ್ಳೋದು, ಮಿಕ್ಕಿದ್ದನ್ನೆಲ್ಲ ಕಿತ್ತು ತನ್ನಿ ಎಂದು ಹೋದ. ಕಸದ ಗಾಡಿಯವರು ಕೈಯಲ್ಲಿ ಹಿಡಿಯುವಷ್ಟು ಕಸವಾದರೆ ಕೊಡಿ ಎಂದರು. ಪಕ್ಕದ ಮನೆಯವರಿಗೆ ಉಡುಗೊರೆಯಾಗಿ ಕೊಡಲು ಹೋದರೆ ಅವರು ಬಹಳ ಸಂತೋಷ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಇನ್ನು ಉಳಿದದ್ದು ಕೆರೆ.

ನಾಲ್ಕು ಬೀದಿಗಳ ಹಿಂದೆ ಒಂದು ಕೆರೆ ಇತ್ತು. ಇತ್ತು ಎನ್ನುವುದಕ್ಕಿಂತ ಇನ್ನೂ ಹೋಗಿರಲಿಲ್ಲ ಎನ್ನುವುದು ಸರಿ. ದಡದ ಹತ್ತಿರ ನೀರಿಗಿಂತ ಪ್ಲಾಸ್ಟಿಕ್ ಚೀಲಗಳೇ ಜಾಸ್ತಿ, ನಡುವೆ ಹಸಿರು ಪಾಚಿ. ಮಳೆನೀರು ಬರುವ ಕಾಲುವೆಯ ಬಾಯಿಗೆ ಯಾವುದೋ ಕಟ್ಟಡದ ಕಲ್ಲುಮಣ್ಣು ಸುರಿದು ಯಾವ ಕಾಲವಾಗಿತ್ತೋ. ವಿಚಿತ್ರವೆಂದರೆ ಅಲ್ಲಿಗೆ ಕಸ ಹಾಕುವವರನ್ನು ಯಾರೂ ನೋಡಿರಲಿಲ್ಲ. ನಾಲ್ಕು ಬೀದಿಯವರೂ ಒಟ್ಟಾಗಿ, ಒಂದೇ ದನಿಯಲ್ಲಿ ಅವರನ್ನು ಬೈಯುತ್ತಿದ್ದರು.

ಶನಿವಾರ ಮುಂಜಾನೆ ಬೀಗಪ್ಪನವರು ತರಕಾರಿ ಮಾರುವ ಅಕ್ಕನ ತಳ್ಳುಗಾಡಿಯನ್ನು ಕೇಳಿ ತಂದರು. ಕುರ್ಚಿಯನ್ನು ರಿಪೇರಿಗೆ ಒಯ್ಯುತ್ತೇನೆ ಎಂದು ಅಕ್ಕನಿಗೆ ಹೇಳಿದ್ದರು. ಅದರ ಮೇಲೆ ಚಾದರ ಹೊದಿಸಿ, ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವವರ ಮುಖ ಮಾಡಿಕೊಂಡು ಕೆರೆಯ ದಡಕ್ಕೆ ಬಂದರು. ಸುತ್ತ ಯಾರೂ ಇರಲಿಲ್ಲ. ಚಾದರ ಎಳೆದು, ಕುರ್ಚಿಯ ತೋಳು ಹಿಡಿದು ಮುಂದಕ್ಕೆ ನೂಕಿದರು. ದಡ ಇಳಿಜಾರಾಗಿತ್ತು, ಮಣ್ಣು ಜಾರುತ್ತಿತ್ತು. ಕುರ್ಚಿ ಹೊರಟಿತು. ಅದರ ತೋಳು ಬಿಡಬೇಕೆಂದು ಬೀಗಪ್ಪನವರ ತಲೆಗೆ ಹೊಳೆಯುವಷ್ಟರಲ್ಲಿ ಅವರೂ ಹೊರಟಿದ್ದರು. ಕುರ್ಚಿ ಒಮ್ಮೆ ಗಿರಕಿ ಹೊಡೆದು, ಅವರನ್ನು ಮಡಿಲಿಗೆ ಹಾಕಿಕೊಂಡು, ಪಾಚಿಯನ್ನು ಸೀಳಿ, ನೀರಿನಡಿಯ ಯಾವುದೋ ಗುಡ್ಡೆಯ ಮೇಲೆ ನೆಟ್ಟಗೆ ಕೂತಿತು. ದಡದ ಕಡೆಗೇ ಮುಖ. ಸೊಂಟದ ತನಕ ನೀರು.

ಬೀಗಪ್ಪನವರು ಏಳಲು ನೋಡಿದರು. ಹಿಂದೆ ಪರ್ ಎಂದಿತು. ಇಷ್ಟು ವರ್ಷ ಅವರಿಗೆ ಏನೂ ಮಾಡದಿದ್ದ ಸ್ಪ್ರಿಂಗು ಅಂದು ಅವರ ಪ್ಯಾಂಟನ್ನು ಭದ್ರವಾಗಿ ಹಿಡಿದುಕೊಂಡಿತ್ತು. ಮತ್ತೊಮ್ಮೆ ನೋಡಿದರು, ಇನ್ನಷ್ಟು ಪರ್ ಎಂದಿತು. ಈಗ ಏಳುವುದಾದರೆ ಪ್ಯಾಂಟನ್ನು ಕುರ್ಚಿಗೆ ಬಿಟ್ಟುಕೊಟ್ಟು ಏಳಬೇಕಿತ್ತು. ಯಾರೂ ಇಲ್ಲವಲ್ಲ, ಹಾಗೇ ಮಾಡಿಬಿಡೋಣ ಎಂದು ಅವರು ಗಟ್ಟಿ ಮನಸ್ಸು ಮಾಡಿದ್ದೇ, ನಗರಸಭೆಯ ಜೀಪು ಬಂದು ದಡದಲ್ಲಿ ನಿಂತಿತು.

ಜೀಪಿನಿಂದ ಎಂಜಿನಿಯರು ಇಳಿದರು. ಹಿಂದೆ ಅಳತೆಯ ಟೇಪು, ಸುಣ್ಣದ ಪುಡಿ ಹಿಡಿದ ಇಬ್ಬರು. ಕೆರೆಯನ್ನು ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡಲು ಗುರುತು ಹಾಕುವುದು ಅವರ ಅಂದಿನ ಕೆಲಸವಾಗಿತ್ತು. ಟೇಪು ಬಿಚ್ಚಿ ತಲೆ ಎತ್ತಿದರೆ ಕೆರೆಯಲ್ಲಿ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಎಂಜಿನಿಯರು ಕನ್ನಡಕ ಒರೆಸಿ ಮತ್ತೆ ನೋಡಿದರು. ಕೂತೇ ಇದ್ದಾರೆ.

ಜೀಪಿನ ಸದ್ದಿಗೆ ಮೊದಲು ಹೊರಬಂದವರು ಕೆರೆಗೆ ಎದುರಾಗಿದ್ದ ಮನೆಯ ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಭಾಷಣ ಮಾಡಲು ಹೆಂಡತಿಯನ್ನು ಬಿಟ್ಟರೆ ಸಭಿಕರೇ ಸಿಕ್ಕಿರಲಿಲ್ಲ. ಅವರ ಹಿಂದೆ ಹಲ್ಲಿನ ಡಾಕ್ಟರು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದರು. ಗಾಡಿ ಹುಡುಕುತ್ತ ತರಕಾರಿ ಅಕ್ಕ ಬಂದಳು. ಐದು ನಿಮಿಷದಲ್ಲಿ ದಡದ ತುಂಬ ಜನ.

ಎಂಜಿನಿಯರು ಕೈ ಬಾಯಿಗೆ ಅಡ್ಡ ಹಿಡಿದು, ಯಾರ್ರೀ ಅದು, ಎದ್ದು ಬನ್ನಿ, ನಾವು ಅಳತೆ ಮಾಡಬೇಕು ಎಂದು ಕೂಗಿದರು.

"ಏಳಕ್ಕಾಗಲ್ಲ ಸಾರ್," ಎಂದರು ಬೀಗಪ್ಪನವರು ದೀನರಾಗಿ.

ದೀನತೆ ದಡದವರೆಗೆ ಬರಲಿಲ್ಲ. ಮಾತು ಮಾತ್ರ ಬಂತು. ಜನರ ಕಿವಿ ನೆಟ್ಟಗಾಯಿತು.

"ಏಳಕ್ಕಾಗಲ್ಲ ಅಂದ್ರೆ? ಕೆರೆ ಮುಚ್ಚೋಕೆ ಆರ್ಡರ್ ಆಗಿದೆ."

"ಅದೆಲ್ಲ ನಂಗೊತ್ತಿಲ್ಲ ಸಾರ್. ಎದ್ರೆ ಮಾನ ಹೋಗುತ್ತೆ. ಹೆಂಗಸರು ಮಕ್ಕಳೆಲ್ಲ ಇದ್ದಾರೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬೀಗಪ್ಪನವರ ಮಾತಿನ ತಾತ್ಪರ್ಯವನ್ನು ಅವರು ಸಭೆಗೆ ವಿವರಿಸಿದ್ದು ಹೀಗೆ: ಈ ಮಹಾನುಭಾವರು ಕೆರೆಯ ಉಳಿವಿಗಾಗಿ ನೀರಿನಲ್ಲೇ ಧರಣಿ ಕೂತಿದ್ದಾರೆ. ತಾವು ಎದ್ದರೆ ನಾಲ್ಕು ಬೀದಿಗಳ ಮಾನ ಹೋಗುತ್ತದೆ ಎನ್ನುತ್ತಿದ್ದಾರೆ. ನಮ್ಮ ಹೆಂಗಸರು ಮಕ್ಕಳಿಗೆ ನಾಳೆ ನೀರು ಬೇಡವೇ ಎಂದು ಕೇಳುತ್ತಿದ್ದಾರೆ. ಮುಚ್ಚುವುದಾದರೆ ನನ್ನನ್ನೂ ಸೇರಿಸಿ ಮುಚ್ಚಿ ಎಂಬ ಮಾತು ಅವರ ಬಾಯಲ್ಲಿ ಬಂದಿಲ್ಲ, ಕಣ್ಣಿನಲ್ಲಿದೆ.

ಬೀಗಪ್ಪನವರ ಕಣ್ಣಿನಲ್ಲಿದ್ದದ್ದು ನೀರು. ಅದನ್ನು ನೋಡಿ ತರಕಾರಿ ಅಕ್ಕನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥ ಕೆಲಸಕ್ಕೆ ಅಂತ ಹೇಳಿದ್ದರೆ ಗಾಡಿಯನ್ನು ತೊಳೆದು ಕೊಡುತ್ತಿದ್ದೆ ಎಂದಳು.

ಎಂಜಿನಿಯರು ಕೆಟ್ಟವರಲ್ಲ. ಅವರಿಗೆ ಬೇಕಾದದ್ದು ಗದ್ದಲವಿಲ್ಲದ ಶನಿವಾರ. ನೋಡಿ, ಉಪಯೋಗವಿಲ್ಲದ ಜಾಗ ಅಂತ ಬರೆದಿರೋದರಿಂದ ಮುಚ್ಚುತ್ತಿದ್ದೇವೆ, ನೀವೇ ಸೇರಿ ಶುಚಿ ಮಾಡಿ ನೋಡಿಕೊಳ್ಳುತ್ತೀರಿ ಅಂದರೆ ನಾನು ಮೇಲಿನವರಿಗೆ ಹೇಳಿ ನೋಡುತ್ತೇನೆ, ಮುಂದಿನ ತಿಂಗಳು ದೊಡ್ಡ ಅಧಿಕಾರಿಗಳನ್ನೇ ಕರೆದುಕೊಂಡು ಬರುತ್ತೇನೆ, ಅಷ್ಟರಲ್ಲಿ ಇದು ಕೆರೆಯ ಹಾಗೆ ಕಾಣಬೇಕು ಎಂದರು. ಜನ ಉತ್ಸಾಹದಲ್ಲಿದ್ದರು. ನಾಳೆಯಿಂದಲೇ ಶುರು ಎಂದು ಒಪ್ಪಿಕೊಂಡೇಬಿಟ್ಟರು. ನಿಂತಲ್ಲೇ ಒಂದು ಕೆರೆ ಸಮಿತಿಯಾಯಿತು. ಬೀಗಪ್ಪನವರನ್ನು ಯಾರೂ ಕೇಳಲಿಲ್ಲ, ಅವರೇ ಅಧ್ಯಕ್ಷರಾದರು.

ಉಳಿದದ್ದು ಅಧ್ಯಕ್ಷರನ್ನು ದಡಕ್ಕೆ ತರುವ ಪ್ರಶ್ನೆ. ಈಗಲಾದರೂ ಏಳಿ ಎಂದರೆ ಅವರು ತಲೆ ಅಲ್ಲಾಡಿಸಿದರು. ಅವರ ಛಲ ಕಂಡು ಜನಕ್ಕೆ ಇನ್ನಷ್ಟು ಭಕ್ತಿ ಬಂತು. ನಾಲ್ಕಾರು ಜನ ನೀರಿಗಿಳಿದು, ಕುರ್ಚಿಯ ಸಮೇತ ಅವರನ್ನು ಎತ್ತಿ, ತಳ್ಳುಗಾಡಿಯ ಮೇಲಿಟ್ಟು, ಜೈಕಾರ ಹಾಕುತ್ತ ಮನೆಯವರೆಗೆ ತಳ್ಳಿಕೊಂಡು ಬಂದರು.

ಬೀಗಪ್ಪನವರ ಹೆಂಡತಿ ಬಾಗಿಲಲ್ಲಿ ನಿಂತು ಮೆರವಣಿಗೆಯನ್ನು ನೋಡಿದರು. ಜನರೆಲ್ಲ ಹೋದ ಮೇಲೆ ಗಂಡನ ಕಡೆ ತಿರುಗಿದರು.

"ಬಿಸಾಕಿ ಬನ್ನಿ ಅಂದ್ರೆ ಅದರಲ್ಲೇ ಕೂತ್ಕೊಂಡು ಬಂದ್ರಲ್ಲ," ಎಂದರು.

ಕುರ್ಚಿಯನ್ನು ಇನ್ನು ಬಿಸಾಡುವ ಹಾಗೂ ಇರಲಿಲ್ಲ. ಹೋಗುವ ಮೊದಲು ಮೇಷ್ಟ್ರು, ಅದು ಇಂದಿನಿಂದ ಈ ಊರಿನ ಇತಿಹಾಸಕ್ಕೆ ಸೇರಿದ್ದು, ಬಂದವರಿಗೆಲ್ಲ ಕಾಣುವ ಹಾಗೆ ಹಜಾರದ ನಡುವೆ ಇಡಬೇಕು ಎಂದು ಹೇಳಿ ಅವರೇ ಇಡಿಸಿ ಹೋಗಿದ್ದರು.

ಮರುದಿನ ಬೀಗರು ಬಂದರು. ಹಜಾರದ ನಡುವೆ ಪಾಚಿಯ ವಾಸನೆ ಹೊಡೆಯುವ ಕುರ್ಚಿ, ಅದರಡಿ ಸಣ್ಣ ಕೊಳ. ಹುಡುಗಿಯ ತಂದೆ ಎಲ್ಲಿ ಎಂದು ಟಿಕೆಟ್ ಬೀಗರು ಕೇಳಿದರು. ಕೆರೆಯಲ್ಲಿದ್ದಾರೆ ಎಂದು ಬೀಗಪ್ಪನವರ ಹೆಂಡತಿ ಹೇಳಿದರು. ಬೀಗಿತ್ತಿ ಗಾಬರಿಯಿಂದ ಎದೆಯ ಮೇಲೆ ಕೈ ಇಟ್ಟುಕೊಂಡರು. ಹಾಗಲ್ಲ, ಅಧ್ಯಕ್ಷರಾಗಿ ಇದ್ದಾರೆ ಎಂದು ವಿವರಿಸಿದ ಮೇಲೆ ಅವರು ಬಿಸ್ಕತ್ತು ತೆಗೆದುಕೊಂಡರು. ಟಿಕೆಟ್ ಬೀಗರು ಮಾತ್ರ ಚಹಾ ಮುಟ್ಟದೆ, ಎಲ್ಲಿದೆ ಆ ಕೆರೆ, ನೋಡಿಯೇ ಬರುತ್ತೇನೆ ಎಂದು ಎದ್ದರು.

ಅವರು ದಡಕ್ಕೆ ಬಂದಾಗ ನಾಲ್ಕು ಬೀದಿಯ ಜನ ಅಡ್ಡಾದಿಡ್ಡಿಯಾಗಿ ಓಡಾಡುತ್ತಿದ್ದರು. ಒಬ್ಬರು ಎತ್ತಿದ ಕಸವನ್ನು ಇನ್ನೊಬ್ಬರ ಕಾಲಮೇಲೆ ಹಾಕುತ್ತಿದ್ದರು, ಅವರು ಅದನ್ನು ಒದ್ದು ಮತ್ತೆ ನೀರಿಗೆ ಬೀಳಿಸುತ್ತಿದ್ದರು. ಮೊಣಕಾಲವರೆಗೆ ಕೆಸರಿನಲ್ಲಿದ್ದ ಬೀಗಪ್ಪನವರು ಬಂದವರನ್ನು ಯಾವುದೋ ಬೀದಿಯ ಸ್ವಯಂಸೇವಕರೆಂದು ತಿಳಿದು, ಬನ್ನಿ ಬನ್ನಿ ಎಂದು ಅವರ ಕೈಗೆ ಒಂದು ಬುಟ್ಟಿ ಕೊಟ್ಟರು. ಒಳಗೆ ಕೊಳೆತ ಚಪ್ಪಲಿಗಳಿದ್ದವು.

ಟಿಕೆಟ್ ಬೀಗರು ಬುಟ್ಟಿಯನ್ನು ನೋಡಿದರು, ಬೀಗಪ್ಪನವರನ್ನು ನೋಡಿದರು, ಜನರನ್ನು ನೋಡಿದರು. ಜೀವಮಾನವಿಡೀ ಗದ್ದಲದ ಬೋಗಿಗಳನ್ನು ಸರಿದಾರಿಗೆ ತಂದ ಮನುಷ್ಯನಿಗೆ ಆ ಅವ್ಯವಸ್ಥೆಯನ್ನು ನೋಡುತ್ತ ನಿಲ್ಲುವುದು ಸಾಧ್ಯವಾಗಲಿಲ್ಲ. ಎಲ್ಲರೂ ಸಾಲಾಗಿ ನಿಲ್ಲಿ ಎಂದು ಒಂದು ಮಾತು ಹೇಳಿದರು. ಆ ದನಿಗೆ ಹಲ್ಲಿನ ಡಾಕ್ಟರು ಜೇಬು ಮುಟ್ಟಿ ನೋಡಿಕೊಂಡರು. ಜನ ಸಾಲಾದರು. ಬುಟ್ಟಿ ಕೈಯಿಂದ ಕೈಗೆ ಹೋಗತೊಡಗಿತು. ಮಧ್ಯಾಹ್ನ ಹುಡುಕಿಕೊಂಡು ಬಂದ ಬೀಗಿತ್ತಿಗೆ ತಮ್ಮ ಗಂಡ ಯಾರೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮದುವೆಯ ಮಾತು ಆಡಲು ಪುರಸೊತ್ತಾಗಲಿಲ್ಲ. ಮುಂದಿನ ಭಾನುವಾರ ಬಂದು ಮಾತಾಡುತ್ತೇವೆ ಎಂದು ಟಿಕೆಟ್ ಬೀಗರು ಹೇಳಿ, ಆ ಕಡೆಯ ದಡಕ್ಕೆ ಉದ್ದನೆಯ ಕೋಲು ಬೇಕಾಗುತ್ತೆ, ತರುತ್ತೇನೆ ಎಂದರು.

ತೊಂದರೆ ಶುರುವಾದದ್ದು ಆಮೇಲೆ. ಮೇಲಿನ ಚೀಲಗಳೆಲ್ಲ ಹೋದ ಮೇಲೆ ಕೆಳಗಿನಿಂದ ಗುರುತು ಸಿಗುವ ಸಾಮಾನುಗಳು ಬರತೊಡಗಿದವು. ಒಂದು ದಿನ ರೋಗಿಗಳು ಬಾಯಿ ಮುಕ್ಕಳಿಸುವ ಬೇಸಿನ್ ಬಂತು. ಊರಿನಲ್ಲಿದ್ದದ್ದು ಒಬ್ಬರೇ ಹಲ್ಲಿನ ಡಾಕ್ಟರು. ಅವರು ಆಕಾಶ ನೋಡುತ್ತಿದ್ದರು. ಇನ್ನೊಂದು ದಿನ ಒಂದು ಕರಿಹಲಗೆ ಬಂತು, ಅದರ ಅಂಚಿನಲ್ಲಿ ಇನ್ನೂ ಮಾಸದ ಬಣ್ಣದಲ್ಲಿ 'ಸ್ವಚ್ಛತೆ ಕಾಪಾಡಿ' ಎಂದಿತ್ತು. ಮೇಷ್ಟ್ರು ಆ ಅಕ್ಷರಗಳು ಬಹಳ ಹಳೆಯ ಕಾಲದವಿರಬೇಕು ಎಂದು ಅಭಿಪ್ರಾಯಪಟ್ಟರು. ತರಕಾರಿ ಬುಟ್ಟಿಗಳ ಒಂದು ಇಡೀ ಪದರವೇ ಸಿಕ್ಕಿದಾಗ ಅಕ್ಕನಿಗೆ ತುರ್ತಾಗಿ ಯಾರನ್ನೋ ನೋಡಲು ಹೋಗಬೇಕಾಗಿ ಬಂತು.

ಬೀಗಪ್ಪನವರ ಗಮನಕ್ಕೆ ಇದೆಲ್ಲ ಬರಲಿಲ್ಲ. ಅವರನ್ನು ತಮ್ಮ ಗುಟ್ಟೇ ತಿನ್ನುತ್ತಿತ್ತು. ಜನ ನಮಸ್ಕಾರ ಮಾಡಿದಾಗಲೆಲ್ಲ ಸ್ಪ್ರಿಂಗು ಚುಚ್ಚಿದ ಹಾಗಾಗುತ್ತಿತ್ತು. ಕೊನೆಗೆ ಯಾರಿಗಾದರೂ ಹೇಳಿಬಿಡಬೇಕೆಂದು, ಒಂದು ಮುಂಜಾನೆ ದಡದಲ್ಲಿ ಒಬ್ಬರೇ ಏನೋ ಹುಡುಕುತ್ತಿದ್ದ ಡಾಕ್ಟರನ್ನು ಪಕ್ಕಕ್ಕೆ ಕರೆದರು.

"ಡಾಕ್ಟ್ರೇ, ಒಂದು ನಿಜ ಹೇಳ್ಬೇಕು. ಈ ಕೆರೆಗೆ ಬಿಸಾಕೋಕೆ ಅಂತ ಬಂದಿದ್ದು..."

ಡಾಕ್ಟರ ಮುಖ ಬೆಳ್ಳಗಾಯಿತು. ಅವರು ಬೀಗಪ್ಪನವರ ಕೈ ಹಿಡಿದುಕೊಂಡು, ದಯವಿಟ್ಟು ಮುಂದೆ ಹೇಳಬೇಡಿ, ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿ, ಇನ್ನುಮೇಲೆ ದಿನಾ ಬೆಳಿಗ್ಗೆ ಒಂದು ಗಂಟೆ ನಾನೇ ಕೆಸರು ಎತ್ತುತ್ತೇನೆ ಎಂದು ಮಾತು ಕೊಟ್ಟು ಹೋದರು. ಬೀಗಪ್ಪನವರಿಗೆ ಅರ್ಥವಾಗಲಿಲ್ಲ. ಮೇಷ್ಟ್ರ ಹತ್ತಿರ ಹೋಗಿ ಅದೇ ಮಾತು ಶುರುಮಾಡಿದರು. ಮೇಷ್ಟ್ರು ಅರ್ಧದಲ್ಲೇ ತಡೆದು, ಇಡೀ ಉತ್ತರದ ದಡವನ್ನು ತಮ್ಮ ಹಳೆಯ ವಿದ್ಯಾರ್ಥಿಗಳಿಂದ ಶುಚಿ ಮಾಡಿಸುವುದಾಗಿ ಹೇಳಿದರು. ತರಕಾರಿ ಅಕ್ಕನಂತೂ ಅವರು ಬಾಯಿ ತೆರೆಯುವ ಮೊದಲೇ, ಅಣ್ಣ, ನಿಮಗೆಲ್ಲ ಗೊತ್ತು ಅಂತ ನನಗೆ ಗೊತ್ತು ಎಂದು ಹೇಳಿ, ಕೆಲಸಕ್ಕೆ ಬಂದವರಿಗೆಲ್ಲ ಸೌತೆಕಾಯಿ ಹಂಚತೊಡಗಿದಳು. ಅಧ್ಯಕ್ಷರಿಗೆ ಎಲ್ಲರ ಗುಟ್ಟೂ ತಿಳಿದಿದೆ, ಆದರೂ ಬಾಯಿ ಬಿಡುವುದಿಲ್ಲ ಎಂಬ ಸುದ್ದಿ ಹಬ್ಬಿತು. ಪ್ರತಿಯೊಬ್ಬರೂ ತಮ್ಮ ಸಾಮಾನು ಇನ್ನೊಬ್ಬರ ಕೈಗೆ ಸಿಗುವ ಮೊದಲು ತಾವೇ ಎತ್ತಿಬಿಡಬೇಕೆಂದು ಪೈಪೋಟಿಗೆ ಬಿದ್ದರು. ಕೆರೆಯ ಕಸ ಯಾರೂ ಎಣಿಸದಷ್ಟು ಬೇಗ ಖಾಲಿಯಾಯಿತು.

ಕಾಲುವೆಯ ಬಾಯಿಯ ಕಲ್ಲುಮಣ್ಣಿನ ರಾಶಿ ಮಾತ್ರ ಯಾರ ಬುಟ್ಟಿಗೂ ಜಗ್ಗುವಂಥದ್ದಾಗಿರಲಿಲ್ಲ. ಅದರ ಪಕ್ಕದಲ್ಲೇ ಒಂದು ಕಿರುಗಾಲುವೆ ತೋಡಿ ನೀರಿಗೆ ದಾರಿ ಮಾಡಿದರು. ನೀರಿನ ಜೊತೆ ಕಸ ಬರದಂತೆ ಬೀಗಪ್ಪನವರು ಒಂದು ಕಬ್ಬಿಣದ ಜಾಲರಿ ಮಾಡಿ ಕೂರಿಸಿದರು. ಜಾಲರಿಗೆ ಕಟ್ಟಿಕೊಂಡ ಕಸವನ್ನು ಆಗಾಗ ತೆಗೆಯಬೇಕು, ಅದಕ್ಕೆ ಬಾಗಿಲು, ಬಾಗಿಲಿಗೆ ಬೀಗ. ಕೀಲಿಕೈ ಯಾರ ಹತ್ತಿರ ಇರಬೇಕೆಂದು ದೊಡ್ಡ ಜಗಳವೇ ಆಯಿತು. ಒಂದು ಬೀದಿಯವರನ್ನು ಇನ್ನೊಂದು ಬೀದಿಯವರು ನಂಬಲಿಲ್ಲ. ಬೀಗಪ್ಪನವರು ಎಲ್ಲರಿಗೂ ಸಮಾಧಾನವಾಗಲೆಂದು ನಾಲ್ಕು ಬೀಗ ಹಾಕಿ, ಬೀದಿಗೊಂದು ಕೀಲಿಕೈ ಕೊಟ್ಟರು. ನಾಲ್ವರೂ ಒಟ್ಟಿಗೆ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ ಎಂಬುದು ಅವರಿಗೆ ಆಮೇಲೆ ಹೊಳೆಯಿತು. ಹಾಗಾಗಿ ಪ್ರತಿದಿನ ಬೆಳಿಗ್ಗೆ ನಾಲ್ಕು ಬೀದಿಯಿಂದ ನಾಲ್ಕು ಜನ ಮುಖ ಗಂಟಿಕ್ಕಿಕೊಂಡು ಬಂದು, ಒಬ್ಬರಿಗೊಬ್ಬರು ಕಾದು, ಕಾಯುವಾಗ ಸುಮ್ಮನಿರಲಾರದೆ ಮಾತಾಡಿ, ಜಾಲರಿ ಶುಚಿ ಮಾಡಿ ಹೋಗತೊಡಗಿದರು. ಕೆಲವು ದಿನದಲ್ಲಿ ಮುಖದ ಗಂಟು ಸಡಿಲವಾಯಿತು. ಒಬ್ಬರು ಫ್ಲಾಸ್ಕಿನಲ್ಲಿ ಚಹಾ ತಂದರು.

ದೊಡ್ಡ ಅಧಿಕಾರಿ ಬರುವ ದಿನ ಬಂತು. ಹೆಂಗಸು, ಮಾತು ಕಡಿಮೆ. ಹಿಂದೆ ಎಂಜಿನಿಯರು. ದಡದ ತುಂಬ ಜನ, ಮುಂದಿನ ಸಾಲಿನಲ್ಲಿ ಬೀಗರು, ಬೀಗಿತ್ತಿ, ಬೀಗಪ್ಪನವರ ಹೆಂಡತಿ, ಮಗಳು, ಹುಡುಗ. ಮೇಷ್ಟ್ರು ಸ್ವಾಗತ ಭಾಷಣ ಮಾಡಿ ಬೀಗಪ್ಪನವರ ತ್ಯಾಗವನ್ನು ವರ್ಣಿಸಿದರು. ಅವರ ವರ್ಣನೆಯಲ್ಲಿ ನೀರು ಸೊಂಟದಿಂದ ಕತ್ತಿನವರೆಗೆ ಏರಿತ್ತು. ಅಧಿಕಾರಿ ಕೆರೆಯ ಸುತ್ತ ಒಂದು ಸುತ್ತು ನಡೆದು ಬಂದು ಬೀಗಪ್ಪನವರ ಎದುರು ನಿಂತರು. ಕುರ್ಚಿ ಹಾಕಿಕೊಂಡು ಕೂತವರು ನೀವೇನಾ, ಆ ಯೋಚನೆ ಹೇಗೆ ಬಂತು ಎಂದು ಕೇಳಿದರು.

ಬೀಗಪ್ಪನವರು ಮಗಳ ಮುಖ ನೋಡಿದರು. ಟಿಕೆಟ್ ಬೀಗರ ಮುಖ ನೋಡಿದರು. ಆ ಕಣ್ಣಿನ ಎದುರು ಇನ್ನು ಟಿಕೆಟ್ಟಿಲ್ಲದೆ ಪ್ರಯಾಣ ಮುಂದುವರಿಸುವುದು ಅವರಿಂದಾಗಲಿಲ್ಲ.

"ಯೋಚನೆ ಏನೂ ಬಂದಿರಲಿಲ್ಲ ಮೇಡಂ," ಎಂದರು. "ನಾನು ಆ ಕುರ್ಚೀನ ಕೆರೆಗೆ ಬಿಸಾಕೋಕೆ ಬಂದಿದ್ದೆ. ಅದರ ಜೊತೆ ಜಾರಿಬಿದ್ದೆ. ಪ್ಯಾಂಟು ಸಿಕ್ಕಿಹಾಕ್ಕೊಂಡಿತ್ತು, ಅದಕ್ಕೆ ಏಳ್ಲಿಲ್ಲ. ಕೆರೆ ಮುಚ್ತಾರೆ ಅಂತಾನೂ ನಂಗೆ ಗೊತ್ತಿರಲಿಲ್ಲ."

ಬೀಗಪ್ಪನವರ ಹೆಂಡತಿ ಕಣ್ಣು ಮುಚ್ಚಿಕೊಂಡರು. ಎಂಜಿನಿಯರು ಮುಖ ಸಿಂಡರಿಸಿ ಅಧಿಕಾರಿಯ ಕಡೆ ನೋಡಿದರು. ಎಲ್ಲ ಮುಗಿಯಿತು, ಕೆರೆಯೂ ಹೋಯಿತು, ಮದುವೆಯೂ ಹೋಯಿತು ಎಂದುಕೊಂಡು ಬೀಗಪ್ಪನವರು ತಲೆ ತಗ್ಗಿಸಿದರು.

"ಬೇಸಿನ್ ನಂದು," ಎಂದಿತು ಒಂದು ದನಿ.

ಹಲ್ಲಿನ ಡಾಕ್ಟರು ಬಾಯಿ ಬಿಟ್ಟಿದ್ದರು. ಹೇಳಿದ ಮೇಲೆ ಅವರಿಗೇ ನೋಯುವ ಹಲ್ಲು ಕಿತ್ತಂತೆ ಹಗುರಾಗಿರಬೇಕು. ಅವರ ಮುಖ ಅರಳಿತು. ಬುಟ್ಟಿಗಳು ತನ್ನವು ಎಂದು ಅಕ್ಕ ಹೇಳಿದಳು. ಹಿಂದಿನಿಂದ ಯಾರೋ ಮಂಚ ತಮ್ಮದು ಎಂದರು, ಇನ್ಯಾರೋ ಟೈರುಗಳ ಜವಾಬ್ದಾರಿ ಹೊತ್ತರು. ಮೇಷ್ಟ್ರು ಕೊನೆಯವರೆಗೂ ತಡೆದುಕೊಂಡು, ಆ ಕರಿಹಲಗೆಯ ಅಕ್ಷರಗಳು ತಮ್ಮ ಕೈಬರಹವನ್ನು ಬಹಳ ಮಟ್ಟಿಗೆ ಹೋಲುತ್ತವೆ ಎಂದು ಒಪ್ಪಿಕೊಂಡರು.

ಆಗ ಟಿಕೆಟ್ ಬೀಗರು ಒಂದು ಹೆಜ್ಜೆ ಮುಂದೆ ಬಂದರು.

"ನಾನು ಈ ಊರಿನವನಲ್ಲ. ಇದರಲ್ಲಿ ನಂದೇನೂ ಇಲ್ಲ," ಎಂದರು. "ನಮ್ಮೂರಲ್ಲೂ ಒಂದು ಕೆರೆ ಇತ್ತು. ಈಗ ಅಲ್ಲಿ ಬಸ್ಸು ನಿಲ್ಲಿಸ್ತಾರೆ. ಮೊದಲನೇ ಚೀಲ ಕಸ ಹಾಕಿದ್ದು ಯಾರು ಅಂತ ಮಾತ್ರ ಕೇಳಬೇಡಿ."

ಇಷ್ಟು ಹೇಳಿ ಅವರು ಬೀಗಪ್ಪನವರ ಪಕ್ಕದಲ್ಲಿ ಬಂದು ನಿಂತರು. ಬೀಗಪ್ಪನವರ ಹೆಂಡತಿ ಕಣ್ಣು ತೆರೆದರು.

ಅಧಿಕಾರಿ ಕಾಲುವೆಯ ಕಡೆ ನೋಡುತ್ತಿದ್ದರು. ಎಲ್ಲದಕ್ಕೂ ಒಬ್ಬೊಬ್ಬರು ಸಿಕ್ಕರಲ್ಲ, ಆ ಕಲ್ಲುಮಣ್ಣಿನ ರಾಶಿ ಯಾರದು ಎಂದು ಕೇಳಿದರು. ಎಂಜಿನಿಯರು ತಮ್ಮ ಬೂಟನ್ನು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಕೇಳಿಸಿಯೂ ಕೇಳಿಸದ ಹಾಗೆ, "ಅದು ನಮ್ದೇ ಮೇಡಂ. ಹಳೇ ಆಫೀಸು ಕೆಡವಿದಾಗಿಂದು," ಎಂದರು.

ಮೊದಲು ನಕ್ಕವರು ಅಧಿಕಾರಿಯೇ. ಅವರು ನಕ್ಕ ಮೇಲೆ ಎಂಜಿನಿಯರಿಗೆ ಧೈರ್ಯ ಬಂತು, ಅವರು ನಕ್ಕ ಮೇಲೆ ದಡವೆಲ್ಲ ನಕ್ಕಿತು. ರಾಶಿಯನ್ನು ನಗರಸಭೆಯ ಲಾರಿ ಬಂದು ಒಯ್ಯುತ್ತದೆ, ಕೆರೆ ಇದ್ದ ಹಾಗೇ ಇರುತ್ತದೆ, ಕಾಲುವೆಯನ್ನು ನಾವು ನೋಡಿಕೊಳ್ಳುತ್ತೇವೆ, ದಡವನ್ನು ನೀವು ನೋಡಿಕೊಳ್ಳಿ, ಯಾರು ತಪ್ಪಿದರೂ ಇನ್ನೊಬ್ಬರು ಜೋರಾಗಿ ಕೇಳಬಹುದು ಎಂದು ಅಧಿಕಾರಿ ಹೇಳಿದರು. ಜೋರಾಗಿ ಕೇಳುವ ವಿಚಾರದಲ್ಲಿ ಈ ಊರಿನವರನ್ನು ನಂಬಬಹುದು ಎಂದು ಟಿಕೆಟ್ ಬೀಗರು ಭರವಸೆ ಕೊಟ್ಟರು. ಮದುವೆಯ ಮಾತು ಅಂದೇ, ದಡದಲ್ಲೇ ನಿಂತು, ಸೌತೆಕಾಯಿ ತಿನ್ನುತ್ತ ಮುಗಿಯಿತು.

ಮಳೆ ಬಂತು. ಕಾಲುವೆಯಲ್ಲಿ ಕೆಂಪು ನೀರು ನುಗ್ಗಿ ಬಂದು ಕೆರೆ ತುಂಬಿತು, ಕೆಲವು ದಿನಕ್ಕೆ ತಿಳಿಯಾಯಿತು. ಹಿಂದಿನ ಬೀದಿಯಲ್ಲಿ ಒಂದು ಬಾವಿ ಇತ್ತು, ನೀರು ಆಳಕ್ಕಿಳಿದು ಹಗ್ಗ ಸಾಲುತ್ತಿರಲಿಲ್ಲ, ಅದರಲ್ಲಿ ಈಗ ಹಗ್ಗ ಮಿಗುತ್ತಿತ್ತು. ದಡಕ್ಕೆ ಸಿಮೆಂಟು ಹಾಕಿಸಬೇಕೆಂದು ಮೇಷ್ಟ್ರೂ, ಕಾರಂಜಿ ಬೇಕೆಂದು ಡಾಕ್ಟರೂ ಹಟ ಹಿಡಿದು, ಎರಡಕ್ಕೂ ಒಪ್ಪಿಗೆ ಸಿಗದೆ ದಡ ಮಣ್ಣಾಗಿಯೇ ಉಳಿದು, ಅದರಲ್ಲಿ ಜೊಂಡು ಬೆಳೆಯಿತು. ಜೊಂಡಿನೊಳಗೆ ಕಪ್ಪೆಗಳು ಬಂದವು.

ಅದರಿಂದ ಒಂದು ದೂರು ಹುಟ್ಟಿತು. ಕೆರೆಯ ಪಕ್ಕದ ಮನೆಗೆ ಹೊಸದಾಗಿ ಒಬ್ಬರು ಬಾಡಿಗೆಗೆ ಬಂದಿದ್ದರು. ಯಾವುದೋ ಕಂಪನಿಯಲ್ಲಿ ಲೆಕ್ಕಪತ್ರ ನೋಡುವವರು, ನಿದ್ದೆಯನ್ನು ಬಹಳ ಮರ್ಯಾದೆಯಿಂದ ಕಾಣುವವರು. ಕತ್ತಲಾದರೆ ಸಾಕು, ಕಪ್ಪೆಗಳು ವಟಗುಟ್ಟಿ ಪ್ರಾಣ ತಿನ್ನುತ್ತವೆ, ಇದಕ್ಕೆ ಅಧ್ಯಕ್ಷರೇ ಹೊಣೆ ಎಂದು ಅವರು ಅಂಗಡಿಗೇ ಬಂದು ಬೀಗಪ್ಪನವರನ್ನು ತರಾಟೆಗೆ ತೆಗೆದುಕೊಂಡರು. ಬೀಗಪ್ಪನವರು ವಿಷಯವನ್ನು ಸಮಿತಿಯ ಮುಂದಿಟ್ಟರು. ಸಮಿತಿ ಬಹಳ ಹೊತ್ತು ಚರ್ಚಿಸಿತು. ಕಪ್ಪೆಗಳಿಗೆ ಹೇಳಿ ನೋಡುವುದು ಕಷ್ಟ, ದೂರು ಕೊಟ್ಟವರನ್ನೇ ಸಮಿತಿಗೆ ಸೇರಿಸಿಕೊಳ್ಳುವುದು ಸುಲಭ ಎಂಬ ನಿರ್ಣಯವಾಯಿತು. ಹೊಸಬರ ಕೈಗೆ ಅವರ ಬೀದಿಯ ಕೀಲಿಕೈ ಬಂತು. ಅವರು ಮೂಗು ಮುರಿಯುತ್ತಲೇ ಬೆಳಿಗ್ಗೆ ಜಾಲರಿಯ ಹತ್ತಿರ ಬರತೊಡಗಿದರು. ಫ್ಲಾಸ್ಕಿನ ಚಹಾಕ್ಕೆ ಸಕ್ಕರೆ ಕಡಿಮೆ ಎಂದರು. ಆಮೇಲೆ ಮನೆಯಿಂದ ಸಕ್ಕರೆ ತಂದರು.

ಒಂದು ದಿನ ಬೀಗಪ್ಪನವರು ಅಂಗಡಿ ತೆರೆಯುವ ಮೊದಲೇ ಅವರು ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಮತ್ತೆ ದೂರು ಬಂತೆಂದು ಬೀಗಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು.

"ನಿನ್ನೆ ಅವು ಕೂಗಲೇ ಇಲ್ಲ ಬೀಗಪ್ಪನೋರೇ," ಎಂದರು ಹೊಸಬರು. "ನಂಗೆ ನಿದ್ದೆ ಬರ್ಲಿಲ್ಲ. ಏನಾದ್ರೂ ಆಗಿದ್ಯೋ ಏನೋ, ಬಂದು ನೋಡ್ರೀ."

ಬೀಗಪ್ಪನವರು ಅಂಗಡಿ ತೆರೆಯದೆ ಹಾಗೇ ಹೊರಟರು. ದಾರಿಯಲ್ಲಿ ವಿಷಯ ತಿಳಿದು ಡಾಕ್ಟರು ಬಾಯಿ ತೆರೆದು ಕೂತಿದ್ದ ರೋಗಿಯನ್ನು ಈಗ ಬಂದೆ ಎಂದು ಬಿಟ್ಟು ಬಂದರು. ಅಕ್ಕ ತಳ್ಳುಗಾಡಿಯ ಸಮೇತ ಬಂದಳು, ಮೇಷ್ಟ್ರು ಅರ್ಧ ಗಡ್ಡ ಕೆರೆದುಕೊಂಡು ಬಂದರು. ಎಲ್ಲರೂ ದಡದಲ್ಲಿ ನಿಂತು ನೀರಿನ ಬಣ್ಣ ನೋಡಿದರು, ಕಾಲುವೆ ನೋಡಿದರು, ಮೂಸಿ ನೋಡಿದರು. ಯಾವುದರಲ್ಲೂ ತಪ್ಪು ಕಾಣಲಿಲ್ಲ. ನಿನ್ನೆ ಸಂಜೆ ಗಾಳಿ ತಣ್ಣಗಿತ್ತು, ಅದಕ್ಕೇ ಇರಬಹುದು ಎಂದು ಒಬ್ಬರು, ಮುನಿಸಿಕೊಂಡಿರಬಹುದು ಎಂದು ಇನ್ನೊಬ್ಬರು. ಹೊಸಬರು ಯಾರ ಮಾತಿಗೂ ಸಮಾಧಾನವಾಗದೆ ಜೊಂಡಿನ ಕಡೆಗೇ ನೋಡುತ್ತಿದ್ದರು. ಬೀಗಪ್ಪನವರು ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಕೂರುವಂತೆ ಸನ್ನೆ ಮಾಡಿದರು. ಮೇಷ್ಟ್ರೂ ಮಾತು ನಿಲ್ಲಿಸಿ ಹುಲ್ಲಿನ ಮೇಲೆ ಕೂತರು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಜೊಂಡಿನ ಒಳಗಿನಿಂದ, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ, ಒಂದು ವಟರ್ ಕೇಳಿಸಿತು.

ಹೊಸಬರು ಬೀಗಪ್ಪನವರ ತೋಳು ಹಿಡಿದುಕೊಂಡರು. "ನಮ್ಮ ಕಿಟಕಿ ಕೆಳಗಿರುತ್ತಲ್ಲ, ಅದೇ ಅದು," ಎಂದು ಪಿಸುಗುಟ್ಟಿದರು. ಅವರ ಕಣ್ಣು ಆಗಲೇ ನಿದ್ದೆಗೆ ಎಳೆಯುತ್ತಿತ್ತು.